ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟ

ಬಂದರಿನ ಗುಜರಿಯಲ್ಲಿ ಪೊಡಿಯಬ್ಬ
ಎಲ್ಲವನ್ನೂ ಕಿಲೋ ಲೆಕ್ಕದಲ್ಲಿ ತೂಗುತ್ತಾನೆ:
ಸತ್ತ ಮಿಕ್ಸಿ, ರೆಕ್ಕೆ ಮುರಿದ ಫ್ಯಾನು,
ಮಸ್ಕತ್ತಿನಿಂದ ಹಡಗು ಹತ್ತಿ ಬಂದ ಟೇಪ್‌ರೆಕಾರ್ಡರು.
ಅದರಡಿಯಲ್ಲಿ ಹಳದಿ ಕ್ಯಾಸೆಟ್ಟು.
ನನ್ನ ಕಣ್ಣು ಕಂಡದ್ದೇ, ತಕ್ಕಡಿ ಬಿಟ್ಟು
ನೂರೈವತ್ತು ಅಂದ.
ಮುಖದಲ್ಲಿ ಏನೂ ತೋರಿಸದೆ ನಿಂತೆ.
ಬಂಗುಡೆಗೆ ಚೌಕಾಸಿ ಮಾಡಿ ಬೆಳೆದವನಿಗೆ
ಅಷ್ಟೂ ಬಾರದಿದ್ದರೆ ಹೇಗೆ?
ನೂರಕ್ಕೆ ತಂದೆ.

ಮೇಲೆ ಬರೆದಿದೆ: 9999 ಆಟ.
ಸುಳ್ಳು. ಇರುವುದು ಆರು.
ಏಳನೆಯದು ಮೊದಲನೆಯದೇ, ಅಂಗಿಯ ಬಣ್ಣ ಬೇರೆ;
ಹದಿಮೂರನೆಯದು ಮತ್ತೆ ಅದೇ, ಸ್ವಲ್ಪ ಅವಸರದಲ್ಲಿ.
ಜೆಪ್ಪುವಿನ ಮನೆಯಲ್ಲಿ ನಾನೂ ತಮ್ಮನೂ ಒಂದು ರಜೆಯಿಡೀ
ನಾನೂರರವರೆಗೆ ಎಣಿಸುತ್ತ ಹೋಗಿದ್ದೆವು,
ಎಲ್ಲೋ ಒಂದಾದರೂ ಹೊಸತು ಇರಲೇಬೇಕೆಂದು.

ರಬ್ಬರಿನಲ್ಲಿ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ
(ಉಪ್ಪುಗಾಳಿ ಇಲ್ಲಿ ತಾಮ್ರದ ಹಲ್ಲನ್ನೂ ತಿನ್ನುತ್ತದೆ)
ಕೆಂಪು ಮಖಮಲ್ಲಿನ ಮೇಲೆ ಮಲಗಿಸಿ ಫೋಟೋ ತೆಗೆದೆ.
'ಸಿಕ್ಕಿತು!' ಅಂತ ಬರೆದೆ.
ರಾತ್ರಿಯೊಳಗೆ ನಾನೂರ ಹನ್ನೆರಡು ಹೃದಯ.
ಮರುದಿನ ಒಂಬತ್ತು.
ಆಮೇಲೆ ಯಾರೂ ಇಲ್ಲ.

ಧಕ್ಕೆಯ ಐಸ್‌ಪ್ಲಾಂಟಿನಲ್ಲಿ ಟೋಕನ್ ಹರಿಯುವವನು ನಾನು.
ಗಡ್ಡೆ ಸಣ್ಣದಾಗುವುದು ಯಾರಿಗೂ ಕಾಣುವುದಿಲ್ಲ,
ಒದ್ದೆ ನೆಲ ಮಾತ್ರ ಕಾಣುತ್ತದೆ.

ಹಾಗಾಗಿ ಬರೆದೆ: 'ಮನಸ್ಸಿಲ್ಲದ ಮನಸ್ಸಿನಿಂದ ಮಾರುತ್ತಿದ್ದೇನೆ.'
ಅಳುವ ಮುಖಗಳು ಸಾಲುಸಾಲು ಬಂದವು.
ಕುಂದಾಪುರದ ಒಬ್ಬ ಕೊಂಡ. ತಿಂಗಳಾದ ಮೇಲೆ
ಅವನಿಂದಲೇ ಮೂರು ಪಟ್ಟು ಕೊಟ್ಟು ಬಿಡಿಸಿಕೊಂಡೆ:
'ಮರಳಿ ಮನೆಗೆ.'
ಆರುನೂರ ಎಂಬತ್ತು.
ಈಗ ಕೊರಿಯರ್ ಆಫೀಸಿನ ಹುಡುಗಿ
ಡಬ್ಬಿಯನ್ನು ತಿರುಗಿಸಿ ಮುರುಗಿಸಿ ಕೇಳುತ್ತಾಳೆ,
ಇದು ಹೋಗುವುದಾ ಬಂದದ್ದಾ?

ಜೆಸಿಂತಾ ಕೇಳಿದ್ದು ಒಂದೇ ಸಲ, ಬೂತಾಯಿ ಕೊಯ್ಯುತ್ತ:
"ಅದೆಂತ ಮೀನಾ? ಇಟ್ಟರೆ ಹಾಳಾಗ್ತದಾ?
ಎಂತಕ್ಕೆ ಇಷ್ಟು ಅರ್ಜೆಂಟು ಮಾರ್ಲಿಕ್ಕೆ?"
ಆಡಲಿಕ್ಕೆ ದಪ್ಪ ಟಿವಿಯೇ ಇಲ್ಲವೆಂದು
ಅವಳು ಹೇಳಲಿಲ್ಲ.
ಅದನ್ನು ಮಾರಿದ ಫೋಟೋಕ್ಕೆ ಇನ್ನೂರು ಬಂದಿತ್ತು.

ಕಳೆದ ಶನಿವಾರ ಬಾತುಕೋಳಿ ಹೊಡೆಯುವ ಆಟ.
ಬಿಜೈಯ ನಿವೃತ್ತ ಡ್ರಾಫ್ಟ್‌ಸ್‌ಮನ್ ಒಬ್ಬರ ಕಪಾಟಿನಿಂದ ಬಂದದ್ದು,
ಇಪ್ಪತ್ತೊಂಬತ್ತು ವರ್ಷ ಸೀಲು ಒಡೆಯದ ಡಬ್ಬಿ.
ಉಗುರು ತಾಗದ ಹಾಗೆ ಹಿಡಿದು
ಫೆರಿ ಕಟ್ಟೆಗೆ ಹೋದೆ. ಕೊಳ್ಳುವವಳು ಅಲ್ಲಿಗೇ ಬಂದಿದ್ದಳು:
ತೋಟ ಬೆಂಗರೆಯ ವಾರಿಜಾ ಪುತ್ರನ್, ಒಣಮೀನು ವ್ಯಾಪಾರ,
ಕೈಚೀಲದಲ್ಲಿ ನೋಟಿಗೂ ಅದೇ ವಾಸನೆ.
"ಗನ್ನು ಉಂಟಾ ಒಳಗೆ?" ಅಂದಳು.
ಉಂಟು ಅಂದೆ.
"ಟಿವಿ ನಮ್ಮಲ್ಲಿ ಹಳೇದೇ ಉಂಟು.
ಬಾತು ಹೊಡೆಯುದರಲ್ಲಿ ಮೂರು ಅಣ್ಣಂದಿರಿಗೂ
ನಾನು ಬಿಟ್ಟು ಕೊಟ್ಟದ್ದಿಲ್ಲ."
ಅಂದವಳು ಸೀಲನ್ನು ಹಲ್ಲಿನಲ್ಲಿ ಕಚ್ಚಿ
ಪರ್ರನೆ ಹರಿದಳು.

ನನ್ನ ಬಾಯಿಯಿಂದ ಬಂದ ಶಬ್ದಕ್ಕೆ
ಟಿಕೆಟಿನವನು ತಿರುಗಿ ನೋಡಿದ.

ಗನ್ನನ್ನು ಎತ್ತಿ, ಒಂದು ಕಣ್ಣು ಮುಚ್ಚಿ,
ಹೊಳೆಯ ಮೇಲಿನ ಕಾಗೆಗೆ ಗುರಿ ಹಿಡಿದಳು, ನಕ್ಕಳು.
"ಡಬ್ಬಿ ನೀವೇ ಇಟ್ಟುಕೊಳ್ಳಿ ಮಾರಾಯ್ರೆ,
ನನಗೆ ಆಟ ಸಾಕು."
ಫೆರಿ ಹೊರಟಿತು.

ಬರಿದಾದ ಡಬ್ಬಿಯನ್ನು ಮಖಮಲ್ಲಿನ ಮೇಲೆ ಇಟ್ಟೆ.
ಏನು ಬರೆಯುವುದೆಂದು ಹೊಳೆಯಲಿಲ್ಲ, ಏನೂ ಬರೆಯಲಿಲ್ಲ.
ಸಾವಿರದ ನೂರ ಮೂವತ್ತು.
ಐದು ಜನ ಡಬ್ಬಿಗೆ ಬೆಲೆ ಕೇಳಿದ್ದಾರೆ.

ರಾತ್ರಿ ಪಾಳಿ. ಟೋಕನ್ ಕಿಟಕಿಯ ಆಚೆ ಹೊಳೆ,
ಹೊಳೆಯ ಆಚೆ ಬೆಂಗರೆಯ ಹತ್ತಿಪ್ಪತ್ತು ದೀಪ.
ಕುದುರೆ ಒತ್ತಿದ ಗಳಿಗೆಯಲ್ಲಿ ಪರದೆ
ಕಣ್ಣು ಮಿಟುಕಿಸಿದ ಹಾಗೆ ಒಮ್ಮೆ ಕಪ್ಪಾಗುತ್ತದೆ,
ಆಮೇಲೆ ಬಾತು ಬೀಳುತ್ತದೆ. ಮರೆತಿಲ್ಲ.
ಇಷ್ಟು ದೂರದಿಂದ ಅದು ಕಾಣುವುದಿಲ್ಲ, ಗೊತ್ತು.
ಆದರೂ ಯಾವ ಕಿಟಕಿ ಎಂದು ಹುಡುಕುತ್ತಿದ್ದೆ.

ಕಿಸೆಯಲ್ಲಿ ಫೋನು ನಡುಗಿತು.
ಯಾರೋ ಐಸಿಗೆ ಟೋಕನ್ ಕೇಳಿದರು,
ಎರಡು ಸಲ.