ಹದಿನೇಳನೇ ಸೆಕೆಂಡು

ಮಧ್ಯಾಹ್ನ ಮೂರರ ಹೊತ್ತಿಗೆ ಕರೆಂಟು ಹೋಯಿತು.
ಹನ್ನೊಂದು ಮಷೀನು ಒಮ್ಮೆಲೇ ಬಾಯಿ ಮುಚ್ಚಿದವು.
ಆಗ ಕೇಳಿಸಿತು,
ಮೂಲೆಯಲ್ಲಿ ದಾರ ಕತ್ತರಿಸುವ ಫಕೀರಮ್ಮ
ಹಾಡುತ್ತಿದ್ದಳು.
ಇಷ್ಟು ದಿನ ಮಷೀನಿನಡಿ ಹರಿಯುತ್ತಿದ್ದ ಹಾಡು;
ಕರೆಂಟು ಹೋದ ಸುದ್ದಿ ಅದಕ್ಕೆ ತಡವಾಗಿ ಮುಟ್ಟಿತು.

ನನ್ನದು ಕಾಜಾ ಹೊಡೆಯುವ ಕೆಲಸ.
ಬಳ್ಳಾರಿ ಕೌಲ್ ಬಜಾರಿನ ಈ ಮಾಳಿಗೆಯಲ್ಲಿ
ದಿನಕ್ಕೆ ನಾನೂರು ಜೀನ್ಸಿಗೆ ನಾನೂರು ಕಣ್ಣು ಕೊರೆಯುತ್ತೇನೆ.
ಫೋನು ತೆಗೆದೆ, ಗುಂಡಿ ಒತ್ತಿದೆ.
ಇಪ್ಪತ್ಮೂರು ಸೆಕೆಂಡು.
ಹದಿನೇಳನೇ ಸೆಕೆಂಡಿಗೆ ಅವಳು ಕೆಮ್ಮಿದಳು.
ನೀಲಿ ದೂಳಿನ ಕೆಮ್ಮು, ನಮಗೆಲ್ಲ ಇರುವಂಥದು,
ಮೂಗು ಸೀಟಿದರೆ ಕರ್ಚೀಫಿಗೂ ಬಣ್ಣ.

"ಯಾರ ಪದ ಅಕ್ಕ ಇದು?"
"ಮೊದಲನೇ ಸಾಲು ಅಲಾಯಿ ಕುಣಿ ಮುಂದ ಕೇಳಿದ್ದು.
ಎರಡನೇದು ರೇಡಿಯೋದಾಗ ಬರ್ತಿದ್ದ ಸೋಪಿನ ಜಾಹೀರಾತು.
ನಡುವ ಎಳೀತೀನಲ್ಲ, ಅದೊಂದು ನಂದು.
ಸೋಪಿನ ಹೆಸರು ಬರೋ ಕಡೆ
ತವರುಮನಿ ಎಮ್ಮಿ ಹೆಸರು ಹಾಕೀನಿ."

ರಾತ್ರಿ ಮಾಳಿಗೆ ಮೇಲೆ ಕೂತು, ಕೋಟೆ ಗುಡ್ಡದ ದೀಪ ನೋಡುತ್ತ
ಹಾಡಿನ ಕೆಳಗೆ ಮಷೀನಿನ ಸದ್ದು ಹೊಲಿದೆ.
ಆ ಸದ್ದು ಬಿಟ್ಟರೆ ಅದು ಬದುಕಲಾರದು ಅನಿಸಿತ್ತು.
ನೆಟ್ಟಿಗೆ ಬಿಟ್ಟೆ. ಹೆಸರು ಬರೆಯಲಿಲ್ಲ.
ನಮಗದು ರೂಢಿ. ಕಂಡೇ ಇರದ ದೇಶದ ಚೀಟಿಯನ್ನು
ಸೊಂಟಕ್ಕೆ ಹೊಲಿದು ಮೂಟೆ ಕಟ್ಟುವವರು ನಾವು.

ಮೂರು ದಿನ ಯಾರೂ ಮುಟ್ಟಲಿಲ್ಲ.
ನಾಲ್ಕನೇ ದಿನ ಡಿಜೆ ಯಂಕೋಬ, ಕಾರಟಗಿ,
ಹಾಡನ್ನು ಬಿಟ್ಟು ಕೆಮ್ಮನ್ನು ಎತ್ತಿಕೊಂಡ.
ಖೊಕ್, ಖೊಖೊಕ್, ಖೊಕ್.
ಅದರ ಮೇಲೆ ಹಲಗೆ, ಹಲಗೆಯ ಮೇಲೆ ಅವಳ ಎಳೆತ
ನಾಲ್ಕು ಪಟ್ಟು ಬಿಗಿದು.
ಮಾನ್ವಿಯ ಯಾರೋ ಅದನ್ನು ನಿಧಾನ ಮಾಡಿದರು,
ಹರಿ ನೀರಲ್ಲಿ ನೆನೆಹಾಕಿದ ಹಾಗೆ.
ಕುಷ್ಟಗಿಯ ಮದುವೆ ಮೆರವಣಿಗೆಯಲ್ಲಿ ವರನ ಗೆಳೆಯರು
ಕೆಮ್ಮಿಗೊಂದು ಹೆಜ್ಜೆ ಕಂಡುಹಿಡಿದರು: ಎದೆಗೆ ಕೈ, ಅರ್ಧ ಬಗ್ಗು.
ಒಂದು ಕಡೆಯ ಲಿಪಿ ನನಗೆ ಓದಲು ಬರಲಿಲ್ಲ;
ಅಲ್ಲೊಬ್ಬ ಹುಡುಗಿ ಕಿಟಕಿ ಪಕ್ಕ ಕೂತು ಎಮ್ಮೆಯ ಹೆಸರನ್ನು
ಬಹಳ ಭಕ್ತಿಯಿಂದ ಹಾಡುತ್ತಿದ್ದಳು.

ತೋರಿಸಿದೆ. ಫಕೀರಮ್ಮ ಕನ್ನಡಕ ಏರಿಸಿ
ಕುಣಿಯುವವರನ್ನು ನೋಡಿದಳು, ಕತ್ತರಿ ಕೈಯಲ್ಲೇ.
"ನಾ ಕೆಮ್ಮಿದ್ರ ಇವ್ರ್ಯಾಕ ಕುಣೀತಾರ?"
ನನಗೆ ಉತ್ತರ ಹೊಳೆಯಲಿಲ್ಲ.
"ಪದ ಇರ್ಲಿ. ಕೆಮ್ಮು ತಗಿ.
ಮಗಳಿಗೆ ಗಂಡು ನೋಡಾಕತ್ತೀವಿ, ಬೀಗರಾಗೋರು ಕೇಳ್ಯಾರು."

ನನ್ನದನ್ನು ಅಳಿಸಿದೆ.
ಹೊಲಿಗೆ ಬಿಚ್ಚಬಹುದು,
ಸೂಜಿ ಹೋದ ತೂತು ಬಿಚ್ಚಲಾಗದು.
ಯಂಕೋಬನಿಗೆ ಬರೆದೆ. "ಅಣ್ಣ, ಬೀಟೇ ಅದು" ಎಂದ.
ಅವಳನ್ನು ಮತ್ತೆ ಹಾಡಿಸಿದೆ, ಬೆಲ್ಲ ತಿನ್ನಿಸಿ, ಫ್ಯಾನು ಆರಿಸಿ,
ತೊಳೆದಂಥ ದನಿ. ಆರು ಜನ ಕೇಳಿದರು,
ಅದರಲ್ಲಿ ಇಬ್ಬರು ನಾನೇ.

ಮೊನ್ನೆ ಪಗಾರದ ಸಂಜೆ
ಮೋತಿ ಸರ್ಕಲ್ಲಿನಿಂದ ಆಟೋದಲ್ಲಿ ಆರು ಮಂದಿ ಒತ್ತಿ ಕೂತಿದ್ದೆವು.
ಡ್ರೈವರು ಹಾಡು ಹಾಕಿದ. ಯಂಕೋಬನದಲ್ಲ, ಮಾನ್ವಿಯದೂ ಅಲ್ಲ.
ಯಾರೋ ಕೆಮ್ಮನ್ನು ನಾಜೂಕಾಗಿ ಕಿತ್ತಿದ್ದರು,
ಅದಿದ್ದ ಕಡೆ ಏನೂ ತುಂಬಿರಲಿಲ್ಲ.
ಹಲಗೆ ಬಂತು, ಎಳೆತ ಬಂತು, ಆಮೇಲೆ
ಕರೆಂಟು ಹೋದ ಹಾಗೆ
ಒಂದು ಚೂರು ಮೌನ.

ಫಕೀರಮ್ಮನ ಮೊಣಕೈ ನನ್ನ ಪಕ್ಕೆಗಿತ್ತು.
ಹಾಡು ಸುತ್ತಿ ಬಂತು. ಅವಳು ರಸ್ತೆ ಕಡೆ ಮುಖ ಹೊರಳಿಸಿ
ಸೆರಗು ಬಾಯಿಗೆ ಒತ್ತಿಕೊಂಡಳು.
ಮೌನ ಬಂತು.
ಕೆಮ್ಮಿದಳು.

ಸರಿಯಾಗಿ ಅಲ್ಲೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲ.
ಡ್ರೈವರು ಕನ್ನಡಿಯಲ್ಲಿ ನೋಡಿ ತಲೆದೂಗಿ,
"ಅಮ್ಮಾರಿಗೆ ಈ ಹಾಡು ಗೊತ್ತೈತಿ" ಅಂದ.