ಚಿಲ್ಲರೆ

ಎಲ್ ಆಲ್ಟೋದಲ್ಲಿ ಬೆಳಗಿನ ಆರಕ್ಕೆ
ನಲ್ಲಿಯೊಳಗಿನ ನೀರು ಇನ್ನೂ ಗಾಜು.
ನಾವು ಅಂಗಡಿ ಬಾಗಿಲೆತ್ತುವ ಹೊತ್ತಿಗೆ
ಯುಲೋಹಿಯಾ ಕೆಲಸ ಮುಗಿಸಿ ಬರುತ್ತಿದ್ದಳು,
ಗಂಡಸರ ಜಾಕೀಟು ತೊಟ್ಟು, ಮುಖ ತೊಳೆದು,
ಕಿವಿಯ ಹಿಂದೆ ಮಾತ್ರ ಚೂರು ಬಣ್ಣ ಉಳಿಸಿಕೊಂಡು.

ಎರಡು ಬ್ರೆಡ್ಡು, ಒಂದು ಮೇಣದ ಬತ್ತಿ,
ಶನಿವಾರವಾದರೆ ಮಗನಿಗೊಂದು ಗೆರೆ ಪುಸ್ತಕ.

ಕೂಡುವ ಲೆಕ್ಕಕ್ಕೂ ಮೊದಲು ಅಮ್ಮ ಕಲಿಸಿದ್ದು:
ಆಕೆಯ ಕೈಗೆ ಕೊಡಬೇಡ. ಗಾಜಿನ ಮೇಲಿಡು.
ಆಕೆ ಕೊಟ್ಟ ನೋಟನ್ನು ಮಾತ್ರ
ಬರಿಗೈಯಲ್ಲೇ ಇಸಕೊಂಡು, ಬೆಳಕಿಗೆ ಹಿಡಿದು,
ಅಸಲಿಯೆಂದು ಖಾತ್ರಿಯಾದ ಮೇಲೆ
ರವಿಕೆಯೊಳಗೆ, ಎದೆಗೆ ತಾಗುವಂತೆ, ಸೇರಿಸುತ್ತಿದ್ದಳು.
ಮೈಲಿಗೆ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆಂದು
ನಾನು ಕೇಳಲಿಲ್ಲ. ನನಗೆ ಒಂಬತ್ತು.
ನಾಣ್ಯ ಉರುಳದಂತೆ ಇಡುವುದರಲ್ಲಿ ಬಲು ಜಾಣೆ.

ಒಂದೊಂದನ್ನೇ ಉಗುರಿನಿಂದ ಎಬ್ಬಿಸಿ
ತೆಗೆದುಕೊಳ್ಳುತ್ತಿದ್ದಳು, ಅವಸರವಿಲ್ಲದೆ.
ಇಲ್ಲಿಮಾನಿ ಬೆಟ್ಟ ದಿನಾ ಅಲ್ಲೇ ಇರುತ್ತದೆ;
ಆಕೆ ಬಂದಾಗ ಮಾತ್ರ ಸಾಲಿನಲ್ಲಿದ್ದವರಿಗೆಲ್ಲ
ಅದರ ಹಿಮ ಕಾಣುತ್ತಿತ್ತು.

ಜುಲೈ. ಇಪ್ಪತ್ತರ ನೋಟು.
ಅಂಚಿನಲ್ಲಿ ಹಸಿರು ಶಾಯಿ: ಕ್ಲಚ್ ಪ್ಲೇಟು, ನೂರ ನಲವತ್ತು.
ಅಪ್ಪನ ಮಿನಿಬಸ್ಸಿನ ಲೆಕ್ಕವೆಲ್ಲ ನೋಟಿನ ಮೇಲೇ.
ನಾಲ್ಕರ ಬಾಲವನ್ನು ಹಾಗೆ ಎಳೆಯುವವನು
ಈ ಬೀದಿಗೆ ಅವನೊಬ್ಬನೇ.

ಅಮ್ಮ ಬೆಳಕಿಗೆ ಹಿಡಿದಳು.
ಹಿಡಿದೇ ಇದ್ದಳು, ಬ್ರೆಡ್ಡಿನ ಬಿಸಿ ಆರುವಷ್ಟು ಹೊತ್ತು.
ಯುಲೋಹಿಯಾ ನೆಲ ನೋಡಲಿಲ್ಲ, ಬೆಟ್ಟವನ್ನೂ.
ಆಮೇಲೆ ನೋಟನ್ನು ಮಡಚಿ, ಎಂದಿನ ಜಾಗದಲ್ಲಿಟ್ಟುಕೊಂಡು,
ಚಿಲ್ಲರೆಯನ್ನು ಗಾಜಿನ ಮೇಲೂ ಇಡದೆ
ಬಾಗಿಲಾಚೆಯ ಹೆಪ್ಪುಗಟ್ಟಿದ ಮೆಟ್ಟಿಲಿಗೆ ಎಸೆದಳು.
ಹೆಕ್ಕಿಕೊಡಲು ಬಗ್ಗಿದೆ ನಾನು.
ಬಗ್ಗಿದವಳು, ಅಮ್ಮನ ಮುಖ ನೋಡಿ, ನೆಟ್ಟಗಾದೆ.

ರಾತ್ರಿ ಅಪ್ಪ ಬಂದ, ಬೆರಳಿಗೆ ಉಸಿರೂದುತ್ತ ಕೂತ.
ಸೂಪಿನ ಬಟ್ಟಲನ್ನು ಅಮ್ಮ
ಅವನ ಕೈಗೇ ಕೊಟ್ಟಳು.

ಯುಲೋಹಿಯಾ ಮತ್ತೆ ಬರಲಿಲ್ಲ.
ಮೂರು ಬೀದಿ ಮೇಲೆ ಹತ್ತಿ ಬ್ರೆಡ್ಡು ಕೊಳ್ಳುತ್ತಿದ್ದಳಂತೆ.
ಅಲ್ಲೂ ಒಂದು ಗಾಜು ಇದ್ದಿರಲೇಬೇಕು.

ಈಗ ಗಲ್ಲಾದ ಮುಂದೆ ಕೂರುವವಳು ನಾನು.
ಎಲ್ಲರ ಕೈಗೂ ಚಿಲ್ಲರೆ ಕೊಡುತ್ತೇನೆ,
ಹೇಳಿಕೊಳ್ಳುವಂಥ ಮಾತಲ್ಲ ಅದು.
ಗಾಜಿನ ನಡುವೆ ಒಂದು ಕಡೆ ಗೀರುಗೀರಾಗಿ ಬಿಳಿಚಿದೆ,
ಒಂದು ಅಂಗೈಯಗಲ.
ಒಳಗಿಟ್ಟ ಮಿಠಾಯಿ ಅಲ್ಲಿಂದ ಮಸುಕು ಕಾಣುತ್ತದೆ.
ಹೊಸ ಗಾಜು ಹಾಕಿಸು ಅನ್ನುತ್ತಾಳೆ ಅಮ್ಮ.
ನೋಡೋಣ ಅನ್ನುತ್ತೇನೆ.