ಒಂದರಿಂದ ಹಿಡೀರಿ

ಹೆಬ್ಬೆರಳಲ್ಲಿ ಚೈನು ಎತ್ತಿ ನೋಡಿ
"ಹೋಗದೆ ಸಾರ್" ಅಂದಳು ರುಖಿಯಾ.
ಗುತ್ತಲು ರಸ್ತೆ, ಬೆಳಿಗ್ಗೆ ಎಂಟು.
ಕಬ್ಬಿನ ಟ್ರಾಕ್ಟರು ಹೋದ ಮೇಲೆ ದಾರಿಯಲ್ಲಿ ಉಳಿದದ್ದು
ಒಂದಿಷ್ಟು ಸೋಗೆ, ಒಂದು ಹಸು, ನಾನು.

ಹೆಬ್ಬೆರಳು ಅಳತೆಯಲ್ಲ ಮಗಳೇ, ಅಂದೆ.
ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ
ಈ ತಾಲ್ಲೂಕಿನ ತಕ್ಕಡಿಗಳ ನಾಲಿಗೆ ನೋಡಿದವನು.
ಆಲೆಮನೆಯ ತೂಕದ ಕಲ್ಲು, ಸೀಮೆಎಣ್ಣೆ ಲೀಟರು,
ಬಟ್ಟೆ ಅಂಗಡಿಯ ಮೀಟರು ಕಡ್ಡಿ,
ಎಲ್ಲದರ ಕಿವಿ ಹಿಂಡಿ ಮುದ್ರೆ ಒತ್ತಿದವನು.
ನನ್ನ ಚೈನಿಗೆ ಹೆಬ್ಬೆರಳೆ?

ಸೈಕಲ್ಲಿನ ಅಡ್ಡಪಟ್ಟಿಗೆ ಕಟ್ಟಿದ್ದ ಉಕ್ಕಿನ ಸ್ಕೇಲು ಬಿಚ್ಚಿದೆ.
ಮೊದಲ ಸಂಬಳದ್ದು. ಒಂದು ಮೀಟರು, ಹಿಂಬದಿಗೆ ಇಂಚು.
ಮನೆಯಲ್ಲಿ ಇದು ಬಾಗಿಲಿಗೆ ಅಗುಳಿ,
ಹಾವಿಗೆ ಕೋಲು, ಮಾವಿಗೆ ದೋಟಿ.

ಚೈನು ಉದ್ದವಾಗುವುದಿಲ್ಲ, ಕೇಳು.
ಉಕ್ಕೇನು ಹಪ್ಪಳದ ಹಿಟ್ಟೆ, ಎಳೆದಷ್ಟೂ ಬರಲು?
ಒಳಗೆ, ಕಣ್ಣಿಗೆ ಬೀಳದ ಕಡೆ,
ಪಿನ್ನು ತನ್ನ ಗೂಡಲ್ಲೇ ತಿರುಗಿ ತಿರುಗಿ
ಕೂದಲ ಕಾಲುಭಾಗ ತೆಳ್ಳಗಾಗುತ್ತದೆ.
ಒಂದೇ ಕೊಂಡಿಯನ್ನು ಕೇಳಿದರೆ
ನನಗೇನಾಗಿದೆ ಅನ್ನುತ್ತದೆ.
ಇಪ್ಪತ್ತನಾಲ್ಕನ್ನು ಸಾಲಾಗಿ ನಿಲ್ಲಿಸಿ ಕೇಳಬೇಕು.

ಪೆಡಲು ಒತ್ತಿ ಹಿಡಿ, ಮೇಲಿನ ಎಳೆ ಬಿಗಿಯಲಿ.
ರೋಲರು ನೋಡಬೇಡ, ಅದು ಸಡಿಲ ಬಾಯಿಯ ಸಾಕ್ಷಿ.
ಈ ಪಿನ್ನಿನ ಎಡ ಅಂಚಿಂದ ಆ ಪಿನ್ನಿನ ಎಡ ಅಂಚಿಗೆ.
ಹನ್ನೆರಡು ಇಂಚಿಗೆ ಬಂತೋ, ಹೊಸದು.
ಅರ್ಧ ನೂಲು ದಾಟಿತೋ, ಚೈನು ಬದಲಿಸು.
ಒಂದು ನೂಲು ದಾಟಿದ್ದರೆ
ಹಲ್ಲುಗಳನ್ನೂ ತಿಂದು ಮುಗಿಸಿರುತ್ತದೆ,
ಚಕ್ರಕ್ಕೂ ಫ್ರೀವೀಲಿಗೂ ಎಳ್ಳುನೀರು.

ಕನ್ನಡಕ ಹಣೆಗೇರಿಸಿ ಬಗ್ಗಿದೆ.
ಒಂದು ನೂಲು. ಬರೋಬ್ಬರಿ.
ಮನಸ್ಸು ಆಗಲೇ ಏಳುನೂರು ರೂಪಾಯಿ ಎಣಿಸುತ್ತಿತ್ತು.

ರುಖಿಯಾ ಚೈನನ್ನು ನೋಡುತ್ತಿರಲಿಲ್ಲ.
ಐಟಿಐ ಎರಡನೇ ವರ್ಷದ ಕಣ್ಣು
ಸ್ಕೇಲಿನ ತುದಿಯ ಮೇಲಿತ್ತು.
ಗ್ರೀಸು ಮೆತ್ತಿದ ಉಗುರಿಂದ ಸವರಿ ಹೇಳಿದಳು:
"ಸೊನ್ನೆ ಸವ್ದದೆ ಸಾರ್.
ಒಂದರಿಂದ ಹಿಡೀರಿ."

ಒಂದರಿಂದ ಹಿಡಿದೆ. ಹದಿಮೂರರಲ್ಲಿ ನೋಡಿದೆ.
ಅರ್ಧ ನೂಲು.

ಮಿಕ್ಕ ಅರ್ಧ
ನನ್ನದು.

ಪೇಟೆ ಬೀದಿಯ ಗುರುಮಲ್ಲಪ್ಪನವರು ನೆನಪಾದರು.
ಇಲಾಖೆಯ ಮೂಲ ಅಳತೆ ಆ ವಾರ
ತಪಾಸಣೆಗೆಂದು ಮೈಸೂರಿಗೆ ಹೋಗಿತ್ತು.
ಇದೇ ಸ್ಕೇಲನ್ನು ಅವರ ಕಡ್ಡಿಯ ಮಗ್ಗುಲಿಗಿಟ್ಟು
ಹೆಚ್ಚಿದೆ ಅಂದಿದ್ದೆ. ಮುದ್ರೆ ಕೊಡಲಿಲ್ಲ.
"ಹೆಚ್ಚಿದ್ರೆ ಲುಕ್ಸಾನು ನಂಗಲ್ವಾ ಸ್ವಾಮಿ?"
ಸೀರೆ ಬಿಚ್ಚಿಸುತ್ತಿದ್ದ ಹೆಂಗಸರು ನಕ್ಕರು.
ಹೆಚ್ಚೂ ತಪ್ಪೇ, ಕಾನೂನಿಗೆ, ಅಂದು
ದಂಡದ ರಸೀತಿ ಹರಿದೆ.
ಅವರು ಮತ್ತೆ ಮಾತಾಡಲಿಲ್ಲ.
ಮಜ್ಜಿಗೆ ಮಾತ್ರ ತರಿಸಿಕೊಟ್ಟರು, ಕುಡಿದೆ.

ಆಗಲೇ ಸವೆದಿತ್ತೋ,
ಆಮೇಲೆ ಮಾವು ಕೀಳುವಾಗ ಸವೆಯಿತೋ,
ಸ್ಕೇಲು ಹೇಳುವುದಿಲ್ಲ.
ಅದು ಅಳೆಯುವುದು ಬೇರೆಯವರನ್ನು.

"ಚೈನು ಒಂದೇ ಸಾಕು, ನೂರಾ ಎಂಬತ್ತು.
ಹೊಸ ಚೈನು, ಹಳೇ ಹಲ್ಲು ಸಾರ್.
ಎಲ್ಡ್ ದಿನ ಕಟಕಟ ಅಂತದೆ, ಆಮೇಲೆ ಹೊಂದ್ಕತದೆ."
ಹಳೆಯ ಚೈನಿಂದ ಬಿಚ್ಚಿದ ಪಿನ್ನೊಂದನ್ನು ಇಸಿದುಕೊಂಡು
ಸೊನ್ನೆಯ ಮೇಲೆ ಅಡ್ಡ ಗೀರು ಎಳೆದೆ.
ಉಕ್ಕಿನ ಮೇಲೆ ಉಕ್ಕು, ಹಲ್ಲು ಜುಮ್ಮೆಂದಿತು.

ಕಟ್. ಕಟ್. ಮನೆಗೆ ಬಲಕ್ಕೆ ತಿರುಗಬೇಕಿತ್ತು.
ಪೇಟೆ ಬೀದಿಯವರೆಗೂ ಕಟ್. ಕಟ್.
ಆ ಅಂಗಡಿಯಲ್ಲೀಗ ಮೊಬೈಲು ಕವರುಗಳು ನೇತಾಡುತ್ತವೆ.
ಅಳೆದು ಕೊಡುವಂಥದ್ದು ಒಂದೂ ಇಲ್ಲ.
ಆದರೂ ಇಳಿದು ನಿಂತೆ.

"ಯಾವ ಮಾಡೆಲ್ಲಿಗೆ ಬೇಕು ಸಾರ್?" ಅಂದ ಹುಡುಗ,
ನನ್ನನ್ನು ನೋಡಿ,
ಕೈಯಲ್ಲಿದ್ದ ಸ್ಕೇಲು ನೋಡಿ.